ಏಳನೆಯ ಜಾಗ

ಜನವರಿ 9

ತಮ್ಮಾ,

ಫೋನ್ ಮಾಡಿದರೆ ನೀನು ಮಾತು ತೇಲಿಸುತ್ತೀಯ. ನಾನು ಬೈಯಲು ಶುರು ಮಾಡಿದ ಕೂಡಲೇ ನಿನಗೆ ಸರಿಯಾಗಿ ಕೇಳಿಸುವುದೇ ನಿಂತುಹೋಗುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಓದಿದೆಯೋ ಇಲ್ಲವೋ ಎನ್ನುವುದಕ್ಕೆ ನಿನ್ನ ಉತ್ತರವೇ ಸಾಕ್ಷಿಯಾಗಲಿ.

ನಿನ್ನ ಪತ್ರಿಕೆ ಈ ದ್ವೀಪಕ್ಕೂ ಬಂತು. ದೋಣಿಕಟ್ಟೆಯ ಅಂಗಡಿಯವನು ‘ನಿಮ್ಮ ತಮ್ಮ ಬರೆದಿದ್ದಾರೆ’ ಎಂದು ಕರೆದು ಕೊಟ್ಟ. ನಾನೂ ಹೆಮ್ಮೆಯಿಂದಲೇ ತಂದೆ. ನನ್ನ ಲಾಂಡ್ರಿಯ ಇಸ್ತ್ರಿ ಮೇಜಿನ ಮೇಲೆ ಹರಡಿ, ಕೆಲಸದ ಹೆಂಗಸರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಗಟ್ಟಿಯಾಗಿ ಓದಿದೆ. ‘ದ್ವೀಪದ ಊರಿನಲ್ಲಿ ಮಾಡಲೇಬೇಕಾದ ಹತ್ತು ಕೆಲಸಗಳು.’ ದೀಪಸ್ತಂಭ ಹತ್ತಿ ಎಂದು ನೀನು ಬರೆದಿದ್ದೆ. ಹತ್ತಲಿ, ಮಂಡಿ ಅವರದು. ಗಾಜಿನ ತಳದ ದೋಣಿಯಲ್ಲಿ ಕೂತು ಹವಳದ ದಿಬ್ಬ ನೋಡಿ ಎಂದಿದ್ದೆ. ನೋಡಲಿ, ದೋಣಿಯವನಿಗೂ ಹೊಟ್ಟೆ ಇದೆ. ಬಾಡಿಗೆ ಸೈಕಲ್ ಹತ್ತಿ ದ್ವೀಪ ಸುತ್ತಿ, ಬೆಳಗಿನ ಮೀನು ಹರಾಜು ನೋಡಿ, ಎಳನೀರು ಕುಡಿಯುತ್ತ ಸೂರ್ಯ ಮುಳುಗುವುದನ್ನು ನೋಡಿ. ಎಲ್ಲರೂ ನಗುತ್ತ ಕೇಳುತ್ತಿದ್ದರು. ಏಳನೆಯದಕ್ಕೆ ಬಂದಾಗ ನನ್ನ ದನಿ ತಾನಾಗಿಯೇ ಇಳಿಯಿತು.

‘ಐಸ್ ಫ್ಯಾಕ್ಟರಿಯ ಹಿಂದಿನ ಕಾಲುದಾರಿಯಲ್ಲಿ ದೊಡ್ಡ ಬಂಡೆ ಸುತ್ತಿ ಇಳಿದರೆ ಯಾರ ಕಣ್ಣಿಗೂ ಬೀಳದ ರಹಸ್ಯ ತೀರ. ಮಧ್ಯಾಹ್ನ ಹೋದರೆ ಊರಿನ ಹೆಂಗಸರು ಮತ್ಸ್ಯಕನ್ಯೆಯರಂತೆ ನೀರಾಟವಾಡುವ ಅಪರೂಪದ ನೋಟ ನಿಮ್ಮದು.’

ಏನೋ ಇದು? ಮತ್ಸ್ಯಕನ್ಯೆಯರಂತೆ? ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುತ್ತಿದ್ದ ನಮ್ಮ ಟಿಕೆಟ್ ಅಜ್ಜಿ ತನ್ನ ಮಂಡಿನೋವಿಗೆ ಉಪ್ಪುನೀರು ಒಳ್ಳೆಯದು ಎಂದು ಕೋಲೂರಿಕೊಂಡು ಬರುತ್ತಾಳೆ. ಮೀನು ಹೆಚ್ಚುವವರು ಕೈಯ ವಾಸನೆ ಹೋಗಲಿ ಎಂದು ಬರುತ್ತಾರೆ. ನಾನು ಬೆಳಗಿನಿಂದ ಬಿಸಿನೀರಿನ ಹಂಡೆಯ ಮುಂದೆ ಬೆಂದು ಬರುತ್ತೇನೆ. ಈ ಊರಲ್ಲಿ ಒಂದೊಂದು ಮನೆಯಲ್ಲಿ ಎಷ್ಟು ಜನ, ಬಚ್ಚಲು ಎಷ್ಟು ಅಗಲ ಎಂದು ನಿನಗೆ ಗೊತ್ತಿಲ್ಲವೇ? ಸೆರಗು ಎಲ್ಲಿದೆ ಎಂದು ನೋಡಿಕೊಳ್ಳದೆ ನಾವು ಇರುವ ಜಾಗ ಅದೊಂದೇ. ಅದಕ್ಕೇ ಅದನ್ನು ನಾವು ‘ಮರೆ’ ಎನ್ನುವುದು.

ಅಮ್ಮ ಹೋದ ಮೇಲೆ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದೆ. ಗಂಡುಮಗುವಾದರೂ ಯಾರೂ ಬೇಡ ಎನ್ನಲಿಲ್ಲ. ನಿನ್ನ ತಲೆಗೆ ನೀರು ಹೊಯ್ದವರು ಅವರೇ.  ನಾನು ಪತ್ರಿಕೆ ಓದಿ ಮುಗಿಸಿದ ಮೇಲೆ ಅವರು ಒಬ್ಬೊಬ್ಬರೇ ತಮ್ಮ ತಮ್ಮ ತೊಟ್ಟಿಗೆ ಹೋಗಿ ಬಟ್ಟೆ ಕುಕ್ಕಲು ಶುರು ಮಾಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅದನ್ನು ತೆಗೆಸು. ಹೇಗೆ ಎಂದು ನನಗೆ ಗೊತ್ತಿಲ್ಲ, ನೀನು ಓದಿದವನು.

ನಿನ್ನ ಅಕ್ಕ

*

ಜನವರಿ 20

ಅಕ್ಕಾ,

ನಿನ್ನ ಕಾಗದ ಬಿಚ್ಚಿದ ಕೂಡಲೇ ಸೋಪಿನ ವಾಸನೆ ಬಂತು, ಆಮೇಲೆ ಬೆಂಕಿ ಬಂತು. ಇಷ್ಟು ಸಿಟ್ಟು ಮಾಡಿಕೊಳ್ಳುವಂಥದ್ದು ಏನಾಗಿದೆ ಹೇಳು. ನಾನು ಪ್ರೀತಿಯಿಂದ ಬರೆದೆ. ನನ್ನ ಬಾಲ್ಯದಲ್ಲಿ ಅದಕ್ಕಿಂತ ಚೆಂದದ ಜಾಗ ಇನ್ನೊಂದಿಲ್ಲ. ಆ ಮಾತು ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದವಳು ನೀನು.

ಒಂಬತ್ತು ಜಾಗ ಯಾರು ಬೇಕಾದರೂ ಬರೆಯಬಹುದು, ಊರಿನವನಿಗೆ ಮಾತ್ರ ಗೊತ್ತಿರುವುದು ಒಂದಾದರೂ ಬೇಕು ಎಂದು ನಮ್ಮ ಸಂಪಾದಕರು ಹಟ ಹಿಡಿದಿದ್ದರು. ಪ್ರಿಂಟಾಗಿ ಹಂಚಿಹೋದದ್ದನ್ನು ಈಗ ತೆಗೆಸುವುದು ಹೇಗೆ? ಓದಿದವರಲ್ಲಿ ಅಲ್ಲಿಯವರೆಗೆ ಬರುವವರು ಎಷ್ಟು ಜನ? ಬಂದರೆ ಊರಿಗೂ ನಾಲ್ಕು ಕಾಸು. ಹೋಟೆಲ್ ತುಂಬಿದರೆ ನಿನ್ನ ಲಾಂಡ್ರಿಯೂ ತುಂಬುತ್ತದೆ.

ಮುಂದಿನ ವಾರ ನಮ್ಮ ಪತ್ರಿಕೆಯ ಫೋಟೋಗ್ರಾಫರ್ ಅಲ್ಲಿಗೆ ಬರುತ್ತಾನೆ. ದೀಪಸ್ತಂಭ, ದೋಣಿಗಳು ಅಷ್ಟೇ. ಒಳ್ಳೆಯವನು, ಹೊರಗಿನ ಊಟ ಅವನಿಗೆ ಒಗ್ಗುವುದಿಲ್ಲ. ನಮ್ಮ ಮನೆಯಲ್ಲೇ ಉಳಿಸಿಕೊ. ಭಾವನಿಗೆ ನಮಸ್ಕಾರ. ನಿನ್ನ ಪುಟ್ಟಿ ಈಗಲೂ ನೀರಿನಲ್ಲೇ ಇರುತ್ತಾಳಾ?

ನಿನ್ನ ತಮ್ಮ

*

ಫೆಬ್ರವರಿ 6

ತಮ್ಮಾ,

ಅಲ್ಲಿಯವರೆಗೆ ಬರುವವರು ಎಷ್ಟು ಜನ ಎಂದು ನೀನು ಕೇಳಿದ್ದೆ. ದೋಣಿ ಬಂದಾಗಲೆಲ್ಲ ಬರುತ್ತಿದ್ದಾರೆ. ನಿನ್ನ ಲೇಖನದ ಹಾಳೆ ಹರಿದು ಕೈಯಲ್ಲಿ ಹಿಡಿದುಕೊಂಡು ಬಂದವರು ನನ್ನನ್ನೇ ದಾರಿ ಕೇಳುತ್ತಾರೆ. ಮೊನ್ನೆ ಒಬ್ಬ ಹೆಂಡತಿ ಮಕ್ಕಳ ಸಮೇತ ಲಾಂಡ್ರಿಯ ಬಾಗಿಲಲ್ಲಿ ನಿಂತು ‘ಮತ್ಸ್ಯಕನ್ಯೆ ಜಾಗ ಯಾವ ಕಡೆ ಅಮ್ಮಾ?’ ಎಂದ. ನಾನು ಪೊಲೀಸ್ ಠಾಣೆಯ ದಾರಿ ತೋರಿಸಿದೆ. ಅವನ ಹೆಂಡತಿಗೆ ಅರ್ಥವಾಯಿತು ಎಂದು ಕಾಣುತ್ತದೆ, ಅವನ ತೋಳು ಹಿಡಿದು ಎಳೆದುಕೊಂಡು ಹೋದಳು.

ಎಲ್ಲರ ಹೆಂಡತಿಯರೂ ಹಾಗಿರುವುದಿಲ್ಲ. ಮಿಕ್ಕ ಗಂಡಸರು ಬಂಡೆಯ ಮೇಲೆ ಕೂತು ಕಾಲಾಡಿಸುತ್ತ ನೋಡುತ್ತಾರೆ. ‘ಇಲ್ಲಿ ಹೆಂಗಸರು ಸ್ನಾನ ಮಾಡ್ತಾರೆ, ಎದ್ದು ಹೋಗಿ’ ಎಂದರೆ ‘ನೀವು ಮಾಡಿ, ನಮಗೇನೂ ತೊಂದರೆಯಿಲ್ಲ’ ಎನ್ನುತ್ತಾರೆ! ನನಗೆ ಮೈ ಪರಚಿಕೊಳ್ಳುವ ಹಾಗಾಯಿತು.

ಈಗ ಇನ್ನೊಂದು. ಮೇಲಿನ ದಿಣ್ಣೆಯಲ್ಲಿ ಎದ್ದಿದೆಯಲ್ಲ ಹೊಸ ಹೋಟೆಲು, ಅದರ ಮ್ಯಾನೇಜರು ಮರೆಗೆ ಮೆಟ್ಟಿಲು ಕಡಿಸಿದ್ದಾನೆ. ಮರಳಿನಲ್ಲಿ ಒರಗು ಕುರ್ಚಿ ಸಾಲಾಗಿ ಹಾಕಿಸಿದ್ದಾನೆ. ಕುರ್ಚಿಯ ಸುತ್ತ ಹಗ್ಗ. ಹಗ್ಗದ ಆಚೆ ನಾವು. ಅವರ ಕುರ್ಚಿಯ ಮೇಲೆ ಹಾಸಿದ ಟವೆಲ್ ಕೂಡ ನಾನೇ ಒಗೆದು ಇಸ್ತ್ರಿ ಮಾಡಿ ಕಳಿಸಿದ್ದು. ಲಾಂಡ್ರಿ ತುಂಬುತ್ತದೆ ಎಂದಿದ್ದೆಯಲ್ಲ, ತುಂಬಿತು.

ಬಂದವರು ಮಾಡಬೇಕಾದ ಕೆಲಸ ನಾನು ಹೇಳುತ್ತೇನೆ, ಮುಂದಿನ ಸಂಚಿಕೆಗೆ ಹಾಕು. ಹಾಸಿಗೆಗೆ ಹೋಗುವ ಮುಂಚೆ ಕಾಲಿನ ಮರಳು ಕೊಡವಿ. ದಿಂಬಿನ ಗವಸಿಗೆ ಬಾಯಿ ಒರೆಸಬೇಡಿ. ಬೀದಿಯಲ್ಲಿ ಒಣಗಲು ಹಾಕಿದ ಬಟ್ಟೆ ಕಂಡರೆ ಫೋಟೋ ಹೊಡೆಯಬೇಡಿ, ಅದು ತೋರಣವಲ್ಲ. ಯಾರಾದರೂ ಹೆಂಗಸು ಬಾಗಿಲು ಹಾಕಿಕೊಂಡರೆ ಅದು ಹಾಕಿದ ಬಾಗಿಲು ಎಂದು ತಿಳಿದುಕೊಳ್ಳಿ.

ನಿನ್ನ ಫೋಟೋಗ್ರಾಫರ್ ಬಂದಿದ್ದ. ಮರೆಯ ಕಡೆ ಸುಳಿಯಬೇಡಪ್ಪ ಎಂದು ಮೊದಲೇ ಹೇಳಿದ್ದೆ. ತಲೆಯಾಡಿಸಿದ. ತಟ್ಟೆ ತಾನೇ ತೊಳೆದಿಟ್ಟ. ಹೋಗುವಾಗ ಕಾಲಿಗೆ ನಮಸ್ಕಾರ ಮಾಡಿದ. ಹುಡುಗ ಪರವಾಗಿಲ್ಲ.

ಸಂಪಾದಕರ ಹತ್ತಿರ ಮಾತಾಡಿದೆಯಾ?

ನಿನ್ನ ಅಕ್ಕ

*

ಫೆಬ್ರವರಿ 19

ಅಕ್ಕಾ,

ಆತುರದಲ್ಲಿ ಬರೆಯುತ್ತಿದ್ದೇನೆ. ಇನ್ನೊಂದು ದ್ವೀಪಕ್ಕೆ ಕಳಿಸುತ್ತಿದ್ದಾರೆ. ಸಂಪಾದಕರ ಹತ್ತಿರ ಸರಿಯಾದ ಹೊತ್ತು ನೋಡಿ ಮಾತಾಡುತ್ತೇನೆ. ಈಗಷ್ಟೇ ನನಗೆ ಬಡ್ತಿ ಕೊಟ್ಟಿದ್ದಾರೆ, ಅದೂ ಆ ಲೇಖನದಿಂದಲೇ. ತಕ್ಷಣ ಹೋಗಿ ಅದೇ ತಪ್ಪು ಎಂದರೆ ಹೇಗಿರುತ್ತದೆ? ಕುರ್ಚಿ, ಹಗ್ಗ ಹೋಟೆಲಿನವರ ಕೆಲಸ. ಅದಕ್ಕೆ ನನ್ನನ್ನು ಬೈದರೆ ಏನು ಬಂತು? ಪುರಸಭೆಗೆ ಒಂದು ಅರ್ಜಿ ಕೊಟ್ಟು ನೋಡು.

ನಿನ್ನ ತಮ್ಮ

*

ಮಾರ್ಚ್ 14

ತಮ್ಮಾ,

ದೋಣಿಕಟ್ಟೆಯ ಗೋಡೆಯ ಮೇಲೆ ಹೊಸ ಹೋಟೆಲಿನ ದೊಡ್ಡ ಪೋಸ್ಟರ್ ಅಂಟಿಸಿದ್ದಾರೆ. ದೋಣಿಯಿಂದ ಇಳಿಯುವವರಿಗೆ ಮೊದಲು ಕಾಣುವುದೇ ಅದು. ಅದರಲ್ಲಿ ಇರುವುದು ನನ್ನ ಮಗಳು.

ನೀರಿನಿಂದ ಏಳುತ್ತಿದ್ದಾಳೆ. ಲಂಗ ರವಿಕೆ ಮೈಗೆ ಅಂಟಿಕೊಂಡಿದೆ, ಕೂದಲು ಬಿಚ್ಚಿದೆ, ಮುಖ ಅರ್ಧ ಈ ಕಡೆ ತಿರುಗಿದೆ. ಹದಿನಾರು ವರ್ಷದ ಹುಡುಗಿ. ಕೆಳಗೆ ‘ದ್ವೀಪದ ಚೆಲುವು ನಿಮಗಾಗಿ ಕಾದಿದೆ’ ಎಂದು ಬರೆದು, ಹೋಟೆಲಿನ ಫೋನ್ ನಂಬರು ಕೊಟ್ಟಿದ್ದಾರೆ. ಅದನ್ನು ಮೊದಲು ನೋಡಿದವರು ನಿನ್ನ ಭಾವ. ದೋಣಿಯ ಇಂಜಿನ್ ರಿಪೇರಿ ಮುಗಿಸಿ ಕೈ ಒರೆಸಿಕೊಳ್ಳುತ್ತ ಮೇಲೆ ಬಂದವರು ನೋಡಿದರಂತೆ. ಉಗುರಿನಿಂದ ಕೆರೆದು ಕಿತ್ತು ಹಾಕಿದರು. ಸಂಜೆಗೆ ಹೊಸದು ಬಂತು. ಮತ್ತೆ ಕಿತ್ತರು, ಮತ್ತೆ ಬಂತು. ಹೋಟೆಲಿನವರ ಹತ್ತಿರ ಕಟ್ಟುಗಟ್ಟಲೆ ಇದೆ.

ಫೋಟೋ ಯಾರು ಹೊಡೆದದ್ದು ಎಂದು ಮ್ಯಾನೇಜರನ್ನು ಕೇಳಿದೆ. ಮುಚ್ಚುಮರೆಯಿಲ್ಲದೆ ಹೇಳಿದ. ನಿನ್ನ ಫೋಟೋಗ್ರಾಫರ್ ಅವನಿಗೆ ಮಾರಿದ್ದು. ನನ್ನ ಮನೆಯಲ್ಲಿ ಮಲಗಿದವನು. ನನ್ನ ಮಗಳು ಬಡಿಸಿದ್ದನ್ನು ತಿಂದವನು.

ಅವಳು ಒಂದು ಮಾತೂ ಆಡುತ್ತಿಲ್ಲ. ಅಳಲೂ ಇಲ್ಲ. ಶಾಲೆಗೆ ತಲೆ ತಗ್ಗಿಸಿಕೊಂಡು ಹೋಗಿ ಬರುತ್ತಾಳೆ. ನೀರಿಗೆ ಇಳಿದಿಲ್ಲ. ಕಾಲು ತೊಳೆಯುವುದಕ್ಕೂ ಬಚ್ಚಲ ಬಾಗಿಲು ಹಾಕಿಕೊಳ್ಳುತ್ತಾಳೆ. ಮಾತು ಕಲಿಯುವ ಮುಂಚೆ ಈಜು ಕಲಿತ ಮಗು ಅದು.

ಪುರಸಭೆಗೆ ಅರ್ಜಿ ಕೊಡು ಎಂದು ಉಪದೇಶ ಮಾಡಿದ್ದೆಯಲ್ಲ, ಕೊಟ್ಟೆ. ಗುಮಾಸ್ತ ಓದಿ, ಚಿತ್ರ ಚೆನ್ನಾಗಿಯೇ ಬಂದಿದೆಯಲ್ಲ ಎಂದ.

ನಿನಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಇಷ್ಟು ದಿನ ಸಿಟ್ಟು ಬಂದಾಗ ಮಾತು ತಾನಾಗಿ ಬರುತ್ತಿತ್ತು.

ಅಕ್ಕ

*

ಮಾರ್ಚ್ 22

ಅಕ್ಕಾ,

ನನ್ನನ್ನು ಕ್ಷಮಿಸು.  ಅವನು ಹೀಗೆ ಮಾಡುತ್ತಾನೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಆಫೀಸಿನಲ್ಲಿ ಎಲ್ಲರೆದುರು ಅವನ ಕೊರಳಪಟ್ಟಿ ಹಿಡಿದೆ. ದಾರಿಯಲ್ಲಿ ಕಂಡದ್ದರ ಫೋಟೋ ಹೊಡೆದೆ, ಅದು ಪುಟ್ಟಿಯೆಂದು ಗೊತ್ತಿರಲಿಲ್ಲ ಎಂದ. ಸುಳ್ಳು ಎಂದು ಅವನ ಮುಖವೇ ಹೇಳುತ್ತಿತ್ತು. ಸಂಪಾದಕರಿಗೂ ಹೇಳಿದೆ. ಹೊರಗೆ ಮಾರಿದ ಚಿತ್ರಕ್ಕೆ ಪತ್ರಿಕೆ ಜವಾಬ್ದಾರಿಯಲ್ಲ ಎಂದು ಕೈ ತೊಳೆದುಕೊಂಡರು. ಏಳನೆಯ ಜಾಗದ ಬಗ್ಗೆ ಕೇಳಿದರೆ ಓದುಗರಿಗೆ ಬಹಳ ಹಿಡಿಸಿದ್ದೇ ಅದು ಎಂದು ನಕ್ಕರು.

ಹೋಟೆಲಿಗೆ ವಕೀಲರಿಂದ ನೋಟಿಸ್ ಕಳಿಸಿದ್ದೇನೆ. ಅಷ್ಟು ಮಾತ್ರ ನನ್ನ ಕೈಲಾಯಿತು. ಭಾವನಿಗೆ ಮುಖ ತೋರಿಸಲು ಆಗುತ್ತಿಲ್ಲ, ಅದಕ್ಕೇ ಬರಲಿಲ್ಲ. ಲಾಂಡ್ರಿಯಲ್ಲಿ ಎಲ್ಲರಿಗೂ ನನ್ನಿಂದ ತಪ್ಪಾಯಿತು ಎಂದು ಹೇಳು. ಟಿಕೆಟ್ ಅಜ್ಜಿಗೆ ವಿಶೇಷವಾಗಿ ಹೇಳು.

ನಿನ್ನ ತಮ್ಮ

*

ಏಪ್ರಿಲ್ 17

ತಮ್ಮಾ,

ನಿನ್ನ ನೋಟಿಸನ್ನು ಮ್ಯಾನೇಜರು ನನಗೇ ತೋರಿಸಿದ. ಹೋಟೆಲಿನ ಕಂಪನಿಯಲ್ಲಿ ಅಂಥದ್ದಕ್ಕೇ ಬೇರೆ ಆಫೀಸು ಇದೆಯಂತೆ, ಅಲ್ಲಿಗೆ ಕಳಿಸುತ್ತಾನಂತೆ. ಆ ದಿನವೇ ನನಗೆ ತಿಳಿಯಿತು, ಕಾಗದಕ್ಕೆ ಅವನು ಜಗ್ಗುವವನಲ್ಲ ಎಂದು.

ಮರುದಿನ ಅವರ ಗಾಡಿ ಬಟ್ಟೆಯ ಮೂಟೆ ತಂದಾಗ ನಾನು ಬಾಗಿಲಲ್ಲೇ ತಡೆದೆ. ನಿಮ್ಮ ಹೋಟೆಲಿನದು ಒಗೆಯುವುದಿಲ್ಲ, ವಾಪಸ್ ತೆಗೆದುಕೊಂಡು ಹೋಗು ಎಂದೆ. ಹಿಂದೆ ತಿರುಗಿ ನೋಡಿದರೆ ನನ್ನ ಹೆಂಗಸರೆಲ್ಲ ಕೈ ಕಟ್ಟಿಕೊಂಡು ನಿಂತಿದ್ದರು. ಅವರನ್ನು ನಾನು ಕರೆದಿರಲಿಲ್ಲ.

ಮೊದಲು ಮ್ಯಾನೇಜರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕೆಳಬೀದಿಯ ಲಾಂಡ್ರಿಗೆ ಕಳಿಸಿದ. ಅಲ್ಲಿಯವರೂ ಮರೆಗೆ ಬರುವವರೇ, ಮುಟ್ಟಲಿಲ್ಲ. ದೋಣಿಯಲ್ಲಿ ಹೇರಿ ಆಚೆ ದಡಕ್ಕೆ ಕಳಿಸಲು ನೋಡಿದ. ಮೂಟೆ ಹೊರುವವರು ಸೊಂಟ ಹಿಡಿದುಕೊಂಡಿದೆ ಎಂದರು. ಎಲ್ಲರ ಸೊಂಟವೂ ಒಟ್ಟಿಗೇ ಹಿಡಿದುಕೊಂಡಿತ್ತು. ಅವರ ಹೆಂಡತಿಯರು ಮನೆಯಲ್ಲಿ ಏನು ಹೇಳಿದ್ದರೋ! ಕೊನೆಗೆ ಹೋಟೆಲಿನ ಅಡುಗೆಯವರ ಕೈಯಲ್ಲೇ ಒಗೆಸಿದ. ಸಮುದ್ರದ ಗಾಳಿಗೆ ಒಣಗದ ಹಾಸುಬಟ್ಟೆ ಮುಗ್ಗಲು ವಾಸನೆ ಹೊಡೆಯಿತಂತೆ. ಬಂದವರು ರೂಮು ಖಾಲಿ ಮಾಡಿ ಬೇರೆ ಕಡೆ ಹೋಗತೊಡಗಿದರು.

ಆಗ ಬಂದ ನೋಡು, ತಾನೇ ನಡೆದುಕೊಂಡು. ಸೂಟು ಬೂಟು ಹಾಕಿಕೊಂಡು ತೊಟ್ಟಿಗಳ ನಡುವೆ ಜಾರದ ಹಾಗೆ ಕಾಲಿಡುತ್ತ ಬಂದ. ನಾನು ಕೂರಲು ಹೇಳಲಿಲ್ಲ.

‘ಏನಮ್ಮಾ ಇದು? ಸಮುದ್ರ ಎಲ್ಲರದ್ದೂ ಅಲ್ವಾ?’ ಎಂದ.

ಟಿಕೆಟ್ ಅಜ್ಜಿ ಮೂಲೆಯಲ್ಲಿ ಗುಂಡಿ ಹೊಲಿಯುತ್ತ ಕೂತಿದ್ದಳು. ತಲೆಯೆತ್ತದೆ ಕೇಳಿದಳು, ‘ಎಲ್ಲರದ್ದಾದ್ರೆ ಹಗ್ಗ ಯಾಕಪ್ಪಾ ಕಟ್ಟಿದೆ?’

 ಕುರ್ಚಿ ಸ್ವಲ್ಪ ಹಿಂದಕ್ಕೆ ಹಾಕಿಸುತ್ತೇನೆ ಎಂದ. ನಾನು ಬೇಡ ಎಂದೆ. ಹಗ್ಗ, ಕುರ್ಚಿ ಎರಡೂ ಹೋಗಬೇಕು, ಮೆಟ್ಟಿಲಿಗೆ ಬಾಗಿಲು ಇಟ್ಟು ಬೀಗ ಹಾಕಬೇಕು, ಪೋಸ್ಟರುಗಳ ಕಟ್ಟನ್ನೆಲ್ಲ ಇಲ್ಲಿಗೆ ತರಿಸಬೇಕು ಎಂದೆ. ಪೋಸ್ಟರು ಯಾಕೆ ಎಂದು ಕೇಳಿದ. ಹಂಡೆಗೆ ಉರಿ ಸಾಲುತ್ತಿಲ್ಲ ಎಂದೆ.  ನಾನು ತಮಾಷೆ ಮಾಡುತ್ತಿಲ್ಲ ಎಂದು ಅವನಿಗೆ ತಿಳಿಯಿತು.

ಎಲ್ಲ ಆಯಿತು. ಪುರಸಭೆಯವರೂ ಈಗ ಎಚ್ಚರವಾಗಿ, ಮಧ್ಯಾಹ್ನ ಗಂಡಸರಿಗೆ ಪ್ರವೇಶವಿಲ್ಲ ಎಂದು ಬೋರ್ಡು ಹಾಕಿದ್ದಾರೆ. ಅದೇ ಗುಮಾಸ್ತ ನಿಂತು ಮೊಳೆ ಹೊಡೆಸಿದ. ಆ ಮಧ್ಯಾಹ್ನ ನಾವೆಲ್ಲ ಮರೆಗೆ ಇಳಿದೆವು. ಅಜ್ಜಿಯನ್ನು ಎತ್ತಿಕೊಂಡೇ ಇಳಿಸಿದೆವು. ಕುತ್ತಿಗೆಯವರೆಗೆ ನೀರಿನಲ್ಲಿ ನಿಂತು ಎಷ್ಟು ನಕ್ಕೆವೆಂದರೆ ಉಪ್ಪುನೀರು ಕುಡಿದು ಕೆಮ್ಮಿದೆವು.

ಮಗಳನ್ನು ಕರೆದಿದ್ದೆ. ಬರಲಿಲ್ಲ.

ಅಕ್ಕ

*

ಏಪ್ರಿಲ್ 28

ಅಕ್ಕಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ! ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಸೊಂಟದ ಪ್ರಸಂಗಕ್ಕೆ ಬಿದ್ದು ಬಿದ್ದು ನಕ್ಕರು. ಸಂಪಾದಕರು ಮಾತ್ರ ನಗದೆ ಕೇಳಿಸಿಕೊಂಡು, ಇದನ್ನು ಬರಿ, ಮುಖಪುಟಕ್ಕೆ ಹಾಕೋಣ ಎಂದರು. ‘ಹೋಟೆಲನ್ನು ಮಣಿಸಿದ ಹೆಂಗಸರು.’ ಹೇಗಿದೆ? ಅಂದು ನನ್ನಿಂದ ಆದ ತಪ್ಪನ್ನು ಇದು ತೊಳೆದುಬಿಡುತ್ತದೆ. ಈ ಸಲ ನಿಮ್ಮ ಮಾತಿನಲ್ಲೇ, ನಿಮ್ಮ ಹೆಮ್ಮೆಯಲ್ಲೇ ಬರೆಯುತ್ತೇನೆ. ಮರೆಗೆ ಹೋಗುವ ದಾರಿ ಬರೆಯುವುದಿಲ್ಲ, ಆಣೆ.

ಒಂದು ಚಿತ್ರ ಬೇಕಾಗುತ್ತದೆ. ಬೇರೆ ಫೋಟೋಗ್ರಾಫರ್, ಹೆಂಗಸು. ನೀವೆಲ್ಲ ಲಾಂಡ್ರಿಯ ಮುಂದೆ ನಿಂತಿರಿ, ಪುಟ್ಟಿಯೂ ನಿಮ್ಮ ನಡುವೆ. ಈ ಸಲ ಅವಳು ನೇರವಾಗಿ ಮುಂದೆ ನೋಡಲಿ, ತಲೆಯೆತ್ತಿ. ಆ ಪೋಸ್ಟರಿಗೆ ಅದೇ ಉತ್ತರ. ಅವಳಿಗೂ ಧೈರ್ಯ ಬರುತ್ತದೆ. ನೀನು ಹೂಂ ಎಂದರೆ ಮುಂದಿನ ವಾರವೇ ಕಳಿಸುತ್ತೇನೆ. ನಾನೂ ಬರುತ್ತೇನೆ, ಭಾವನ ಕಾಲಿಗೆ ಬೀಳುತ್ತೇನೆ.

ನಿನ್ನ ತಮ್ಮ

*

ಮೇ 8

ಮಾಮ,

ನಿಮ್ಮ ಕಾಗದವನ್ನು ಅಮ್ಮ ಲಾಂಡ್ರಿಯಲ್ಲಿ ಎಲ್ಲರಿಗೂ ಓದಿದರು. ಕೆಲವರಿಗೆ ಖುಷಿಯಾಯಿತು. ಟಿಕೆಟ್ ಅಜ್ಜಿ ತನಗೆ ಯಾವ ಸೀರೆ ಒಪ್ಪುತ್ತದೆ ಎಂದು ಕೇಳಿದಳು. ಅಮ್ಮ ಉತ್ತರ ಬರೆಯಲು ಕೂತವರು ನನ್ನ ಕಡೆ ನೋಡಿದರು. ನಾನು ಬರೆಯುತ್ತೇನೆ ಎಂದು ಪೆನ್ನು ತೆಗೆದುಕೊಂಡೆ.

ಅಮ್ಮನಿಗೆ ನೀವು ಬರೆದದ್ದನ್ನೆಲ್ಲ ನಾನು ಓದಿದ್ದೇನೆ. ಅಮ್ಮನ ಕ್ಷಮೆ ಕೇಳಿದಿರಿ. ಲಾಂಡ್ರಿಯವರ ಕ್ಷಮೆ ಕೇಳಿದಿರಿ, ಅಜ್ಜಿಗೆ ವಿಶೇಷವಾಗಿ. ಅಪ್ಪನ ಕಾಲಿಗೆ ಬೀಳುತ್ತೀರಂತೆ. ಪೋಸ್ಟರಿನಲ್ಲಿ ಇದ್ದವಳು ನಾನು. ನನಗೆ ಒಂದು ಸಾಲು ಬರೆಯಲಿಲ್ಲ. ಈಗ ಬರೆದದ್ದೂ ಅಮ್ಮನಿಗೇ, ನಾನು ಎಲ್ಲಿ ನಿಲ್ಲಬೇಕು, ಯಾವ ಕಡೆ ನೋಡಬೇಕು ಎಂದು.

ಶಾಲೆಯಲ್ಲಿ ಏನಾಯಿತು ಎಂದು ಅಮ್ಮನಿಗೆ ಹೇಳಿಲ್ಲ. ಅವರು ಓದಲಿ ಎಂದೇ ಇಲ್ಲಿ ಬರೆಯುತ್ತೇನೆ. ಹುಡುಗರು ಪೋಸ್ಟರಿನಿಂದ ನನ್ನನ್ನು ಕತ್ತರಿಸಿ ನನ್ನ ಬೆಂಚಿಗೆ ಅಂಟಿಸಿದ್ದರು. ಪೋಸ್ಟರಿನ ಕೆಳಗೆ ಇದ್ದ ‘ನಿಮಗಾಗಿ ಕಾದಿದೆ’ ಎಂಬ ಮಾತನ್ನು ನಾನು ಒಳಗೆ ಬಂದಾಗಲೆಲ್ಲ ಒಟ್ಟಿಗೆ ಹೇಳುತ್ತಿದ್ದರು. ಮೇಷ್ಟ್ರು ಕೇಳಿಸಿಕೊಂಡೂ ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದರು.

ನಾನು ಯಾರಿಗೂ ಕಾಯುತ್ತಿರಲಿಲ್ಲ ಮಾಮ. ಅವತ್ತು ಒಂದೇ ಉಸಿರಿನಲ್ಲಿ, ನೀರಿನ ಅಡಿಯಲ್ಲೇ, ಹೊರಗಿನ ಬಂಡೆಯನ್ನು ಮುಟ್ಟಿ ಬಂದಿದ್ದೆ. ವರ್ಷಗಳಿಂದ ಪ್ರಯತ್ನ ಮಾಡುತ್ತಿದ್ದೆ, ಅವತ್ತೇ ಮೊದಲ ಸಲ ಆದದ್ದು. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಎದೆ ಒಡೆದುಹೋಗುತ್ತದೆ ಎನ್ನಿಸುತ್ತಿತ್ತು. ನೀರಿನಿಂದ ಎದ್ದು ಯಾರಾದರೂ ನೋಡಿದರಾ ಎಂದು ತಿರುಗಿದೆ. ನಿಮ್ಮ ಫೋಟೋಗ್ರಾಫರ್ ಕದ್ದು ತೆಗೆದದ್ದು ಅದನ್ನು. ಬಟ್ಟೆ ಬದಲಿಸಿಕೊಂಡು, ಅಮ್ಮನಿಗೆ ಹೇಳಬೇಕೆಂದು ಮನೆಗೆ ಓಡಿಕೊಂಡು ಬಂದೆ. ಅಷ್ಟರಲ್ಲಿ ಅವರು ಮನೆಗೆ ಬಂದು ಊಟಕ್ಕೆ ಕೂತಿದ್ದರು. ಬಡಿಸು ಎಂದರು ಅಮ್ಮ. ಬಡಿಸಿದೆ. ಆಮೇಲೆ ಹೇಳಲೇ ಇಲ್ಲ. ಈಗ ಅದನ್ನು ನೆನೆಸಿಕೊಂಡರೆ ಬಂಡೆ ನೆನಪಾಗುವುದಿಲ್ಲ, ಪೋಸ್ಟರು ನೆನಪಾಗುತ್ತದೆ. ನನಗೆ ಬಹಳ ಸಿಟ್ಟು ಬರುವುದು ಅದಕ್ಕೆ.

ಹೋಟೆಲಿನವರು ಕೇಳದೆ ತೆಗೆದುಕೊಂಡರು. ನೀವು ಕೇಳುತ್ತಿದ್ದೀರಿ, ಅಷ್ಟು ಒಳ್ಳೆಯದು. ಆದರೆ ಕೇಳಿದ್ದು ನನ್ನನ್ನಲ್ಲ. ಆದರೂ ಉತ್ತರ ನಾನು ಕೊಡುತ್ತೇನೆ. ಚಿತ್ರಕ್ಕೆ ನಾನು ನಿಲ್ಲುವುದಿಲ್ಲ. ತಲೆಯೆತ್ತಿಯೂ ಇಲ್ಲ, ತಗ್ಗಿಸಿಯೂ ಇಲ್ಲ. ನನ್ನ ಧೈರ್ಯದ ಬಗ್ಗೆಯೂ ಬರೆಯಬೇಡಿ. ಇಲ್ಲಿಯವರೆಗೆ ಬರೆದದ್ದನ್ನು ಓದಿ ಹೇಳಿದ ಮೇಲೆ ಅಜ್ಜಿಯೂ ಸೀರೆಯ ಮಾತು ಬಿಟ್ಟಳು. ಲಾಂಡ್ರಿಯಲ್ಲಿ ಎಲ್ಲರೂ ಬೇಡ ಎಂದಿದ್ದಾರೆ. ಅಮ್ಮನೂ.

ನಮ್ಮನ್ನು ನೋಡಬೇಕು ಅನ್ನಿಸಿದರೆ ಬನ್ನಿ. ನೀವೊಬ್ಬರೇ ಬನ್ನಿ, ಬರೆಯುವುದಕ್ಕೆ ಏನೂ ತರಬೇಡಿ. ಅಪ್ಪ ಮೊದಲು ಮಾತಾಡಲಿಕ್ಕಿಲ್ಲ. ಕಾಯಿರಿ.

ನಾನು ಮತ್ತೆ ಈಜುತ್ತಿದ್ದೇನೆ. ಮರೆಯಲ್ಲಲ್ಲ. ಎಲ್ಲಿ ಎಂದು ಅಮ್ಮನಿಗೆ ಗೊತ್ತು. ನಿಮಗೆ ಹೇಳುವುದಿಲ್ಲ.

ನಿಮ್ಮ ಅಕ್ಕನ ಮಗಳು